ಯಾರೂ ಬಿಚ್ಚದ ನಿಂಬೆಹಣ್ಣು

ಆ ಕಾರು ಟೋಯಿಂಗ್ ಗಾಡಿಯಿಂದ ನಮ್ಮ ಅಂಗಡಿಯ ಮುಂದೆ ಇಳಿದಾಗ, ಸ್ಕ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ನಾನು. ಮೈಮೇಲೆ ನೀಲಿ ಓವರಾಲು, ಮೊಣಕೈತನಕ ಗ್ರೀಸು. ಆದರೂ ಕಾರಿನ ಜೊತೆ ಬಂದ ದೊಡ್ಡಮನುಷ್ಯರು ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮ ಮಾವನವರಿಗೆ ಕೈಮುಗಿದರು. ಚಾಮರಾಜಪೇಟೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೆಂಗಸೊಬ್ಬಳು ನಿಂತಿದ್ದರೆ ಕಸ ಗುಡಿಸುವುದಕ್ಕೇ ಬಂದಿರಬೇಕು ಎಂದು ಅವರ ಎಣಿಕೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇಂಥವರ ನಡುವೆ ಕೆಲಸ ಮಾಡುವವಳ ಸಿಟ್ಟು ಇನ್ನೆಲ್ಲಿ ಇರಬೇಕು?

"ಸಾರ್, ಇದು ನನ್ನ ತಂಗಿ ಗಾಡಿ," ಎಂದರು ಅವರು, ಮಾವನಿಗೆ. "ಎರಡು ಗ್ಯಾರೇಜಲ್ಲಿ ತೋರ್ಸಾಯ್ತು. ಆಲ್ಟರ್ನೇಟರ್ ಹೊಸದು ಹಾಕಿದ್ರು, ಬ್ಯಾಟರಿ ಹೊಸದು ಹಾಕಿದ್ರು. ಆದ್ರೂ ನಿಂತೋಗತ್ತೆ. ನಿನ್ನೆ ಓಕಳೀಪುರಂ ಅಂಡರ್‌ಪಾಸಲ್ಲಿ ನಿಂತ್ಬಿಟ್ಟಿದೆ. ಹಿಂದ್ಗಡೆನೇ ಬಸ್ಸು. ದೇವರು ದೊಡ್ಡೋನು, ಏನೂ ಆಗ್ಲಿಲ್ಲ. ರಾತ್ರಿ ಬ್ಯಾಟರಿ ಚಾರ್ಜ್ ಮಾಡ್ಸಿದ್ವಿ, ಆದ್ರೂ ಓಡ್ಸೋಕೆ ಹೆದರಿ ಟೋ ಮಾಡ್ಸ್ಕೊಂಡ್ ಬಂದೆ."

ಅವರು ತರಗುಪೇಟೆಯಲ್ಲಿ ಬೇಳೆಕಾಳು ವ್ಯಾಪಾರ ಮಾಡುವವರು. ಹಣೆ ತುಂಬ ವಿಭೂತಿ, ಮಾತಿನಲ್ಲಿ ಅಂಗಡಿಯ ಗಡಿಬಿಡಿ. ಅವರು ಮಾವನ ಜೊತೆ ಮಾತಾಡುತ್ತಿರಲಿ ಎಂದು ನಾನು ಕಾರಿನ ಬಾಗಿಲು ತೆಗೆದೆ. ಸ್ಟೇರಿಂಗಿನ ಪಕ್ಕದಲ್ಲಿ ಉದ್ದನೆಯ ಲೋಹದ ಹಿಡಿಕೆ ಇತ್ತು. ಮುಂದಕ್ಕೆ ತಳ್ಳಿದರೆ ಬ್ರೇಕು, ಕೆಳಕ್ಕೆ ಒತ್ತಿದರೆ ಆಕ್ಸಿಲರೇಟರು. ಕಾಲು ಬಳಸದೆ ಕೈಯಿಂದಲೇ ಓಡಿಸುವ ಗಾಡಿ. ಅದನ್ನು ಕಂಡ ಕೂಡಲೇ ಅಂಡರ್‌ಪಾಸಿನಲ್ಲಿ ಏನಾಗಿರಬಹುದು ಎಂದು ನನಗೆ ಅರ್ಥವಾಯಿತು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವುದು ಆಲ್ಟರ್ನೇಟರು; ಅದು ತುಂಬುವುದನ್ನು ನಿಲ್ಲಿಸಿ ಬ್ಯಾಟರಿ ಇಳಿದರೆ ಮೊದಲು ಸ್ಟೇರಿಂಗ್ ಕಲ್ಲಿನಂತೆ ಬಿಗಿಯುತ್ತದೆ, ಎಂಜಿನ್ ನಿಂತ ಮೇಲೆ ಬ್ರೇಕೂ ಬಿಗಿಯುತ್ತದೆ. ನಮ್ಮಂಥವರಿಗಾದರೆ ಸ್ಟೇರಿಂಗಿಗೆ ಎರಡು ಕೈ, ಬ್ರೇಕಿಗೆ ಒಂದು ಕಾಲು ಉಂಟು. ಆ ಹೆಂಗಸಿಗೆ ಎರಡಕ್ಕೂ ಸೇರಿ ಇರುವುದು ಎರಡೇ ಕೈ.

ಕಾರು ತಂದ ಅಣ್ಣನವರು ದನಿ ತಗ್ಗಿಸಿದರು. "ಸಾರ್, ಒಂದು ಉಪಕಾರ. ಇದು ಸರಿಹೋಗೋ ಗಾಡಿ ಅಲ್ಲ ಅಂತ ನೀವು ಒಂದ್ಮಾತು ಹೇಳ್ಬಿಡಿ. ನಾನ್ ಹೇಳಿದ್ರೆ ಅವಳು ಕೇಳಲ್ಲ. ತಗೊಳ್ಳೋರು ನಾಳೆ ಬೆಳಗ್ಗೆ ಬರ್ತಾರೆ, ಕೊಟ್ಬಿಡೋದೇ. ಅಂಗಡಿ ವ್ಯಾನಲ್ಲಿ ಡ್ರೈವರ್ ಇದಾನೆ, ಅವಳನ್ನ ಬ್ಯಾಂಕ್ ಕೆಲಸಕ್ಕೆ ಬಿಟ್ಟು ಕರ್ಕೊಂಡ್ ಬರ್ತಾನೆ."

ಮಾವ ಒಳ್ಳೆಯವರು. ಅದೇ ಕಷ್ಟ. "ಹೆಣ್ಮಗು ಕ್ಷೇಮ ಮುಖ್ಯ ಬಿಡಿ," ಎಂದು ತಲೆ ಆಡಿಸಿದರು.

"ಗಾಡಿ ಇನ್ನೂ ನೋಡೇ ಇಲ್ವಲ್ಲ ಮಾವ," ಎಂದೆ ನಾನು ಹಿಂದಿನಿಂದ. ಇಬ್ಬರೂ ತಿರುಗಿ ನೋಡಿದರು. ಅಣ್ಣನವರಿಗೆ ಆಗ ನಾನು ಕಣ್ಣಿಗೆ ಬಿದ್ದೆ. ಸಂಜೆ ಬರುತ್ತೇನೆ ಎಂದು ಕೀಯನ್ನು ಮಾವನ ಕೈಯಲ್ಲಿಟ್ಟು ಹೊರಟರು.

ಮಾವ ಡೈನಮೋ ಕಾಲದಿಂದ ಈ ಕೆಲಸ ಮಾಡಿದವರು. ನನ್ನ ಗಂಡನಿಗೆ ಇದರಲ್ಲಿ ಆಸಕ್ತಿಯಿಲ್ಲ. ಆಟೊಮೊಬೈಲ್ ಡಿಪ್ಲೊಮಾ ಓದಿದ ಸೊಸೆ ಸಿಕ್ಕಿದಳು, ಅಂಗಡಿ ಉಳಿಯಿತು. ಉಳಿದದ್ದು ನನ್ನಿಂದ ಎಂದು ಬೀದಿಯಲ್ಲಿ ಯಾರೂ ಹೇಳುವುದಿಲ್ಲ, ಅದು ಬೇರೆ ಮಾತು.

ಬಳೆ, ಉಂಗುರ ಬಿಚ್ಚಿ ಡಬ್ಬಿಗೆ ಹಾಕಿದೆ, ತಾಳಿಯ ಸರವನ್ನೂ ತೆಗೆದಿಟ್ಟೆ. ಬ್ಯಾಟರಿಯ ಹತ್ತಿರ ಚಿನ್ನ, ಬೆಳ್ಳಿ, ಮಾಂಗಲ್ಯ ಎಲ್ಲವೂ ಒಂದೇ: ವಿದ್ಯುತ್ ಹರಿಯುವ ಲೋಹ. ಬ್ಯಾಟರಿಯ ಪಾಸಿಟಿವ್ ಮತ್ತು ಬಾಡಿಯ ನಡುವೆ ಉಂಗುರ ಸಿಕ್ಕಿದರೆ ಬೆರಳೇ ಬೇಯುತ್ತದೆ. ಮಾವನಿಗೆ ನನ್ನ ಬೋಳು ಕತ್ತು ಕಂಡರೆ ಆಗುವುದಿಲ್ಲ. ಆ ಕಡೆ ಮುಖ ಮಾಡಿಕೊಂಡು ಕೂತರು.

ಚಕ್ರಕ್ಕೆ ಅಡ್ಡ ಮರದ ತುಂಡು ಇಟ್ಟು, ಗೇರನ್ನು ಪಾರ್ಕಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯ ದೋಷ ಓದುವ ಸ್ಕ್ಯಾನರ್ ಚುಚ್ಚಿದೆ. ಕೋಡ್ ಬಂತು: ಪಿ-0620. ಆಲ್ಟರ್ನೇಟರ್ ಕಂಟ್ರೋಲ್ ಸರ್ಕ್ಯೂಟಿನ ದೋಷ. ಹಿಂದಿನ ಎರಡು ಗ್ಯಾರೇಜಿನವರೂ ಇದನ್ನೇ ಕಂಡಿರುತ್ತಾರೆ. "ಆಲ್ಟರ್ನೇಟರ್" ಎಂಬ ಮೊದಲ ಮಾತು ಓದಿ, ಉಳಿದ ಎರಡು ಮಾತು ಓದುವ ತಾಳ್ಮೆ ಇಲ್ಲದೆ ಹೊಸ ಆಲ್ಟರ್ನೇಟರ್ ಹಾಕಿ ಕಳಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಡ್ ಬೀದಿಯ ಹೆಸರನ್ನು ಹೇಳುತ್ತದೆ, ಮನೆ ನಂಬರನ್ನು ನಾವೇ ಹುಡುಕಬೇಕು. ಕೋಡನ್ನು ಅಳಿಸದೆ, ದೋಷ ಬಂದ ಗಳಿಗೆಯ ವೇಗ, ವೋಲ್ಟೇಜನ್ನು ಸ್ಕ್ಯಾನರಿನಲ್ಲೇ ಉಳಿಸಿಕೊಂಡೆ.

ಅಷ್ಟರಲ್ಲಿ ಅಂಗಡಿಯ ಫೋನಿಗೆ ಕರೆ ಬಂತು. ಕಾರಿನ ಒಡತಿ.

"ನಮ್ಮಣ್ಣ ಹೇಳ್ದೆ ಕೇಳ್ದೆ ಗಾಡಿ ತಂದ್ಬಿಟ್ಟಿದಾರೆ. ಸರಿಹೋಗತ್ತಾ? ನಿಜ ಹೇಳಿ ಪ್ಲೀಸ್."

"ನೋಡ್ತಿದೀನಿ ಮೇಡಂ. ಮೊದ್ಲು ನೀವು ಹೇಳಿ. ನಿಲ್ಲೋಕೆ ಮುಂಚೆ ಏನೇನಾಗತ್ತೆ?"

"ಇದನ್ನ ಯಾರೂ ನನ್ನ ಕೇಳೇ ಇಲ್ಲ," ಎಂದರು. ಆಮೇಲೆ ಹೇಳಿದರು. ಮೊದಲು ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಹತ್ತುತ್ತದೆ. ಹಂಪ್ ಮೇಲೆ ಕುಲುಕಿದರೆ ಆರುತ್ತದೆ, ಇನ್ನೊಂದು ಹಂಪ್ ಬಂದರೆ ಮತ್ತೆ ಹತ್ತುತ್ತದೆ. ಸೆಖೆಯಲ್ಲಿ, ಟ್ರಾಫಿಕ್ಕಿನಲ್ಲಿ ನಿಂತಾಗ ಜಾಸ್ತಿ. ದೀಪ ಆರದೆ ಉಳಿದರೆ ಸ್ವಲ್ಪ ಹೊತ್ತಿಗೆ ಸ್ಟೇರಿಂಗ್ ಬಿಗಿಯುತ್ತದೆ.

ಹಂಪ್ ಮೇಲೆ ಆರುವ ದೀಪ ಎಂದರೆ ಎಲ್ಲೋ ತಂತಿ ಕೂಡಿ ಬಿಡುತ್ತಿದೆ ಎಂದು ಅರ್ಥ. ಅರ್ಧ ರೋಗ ಫೋನಿನಲ್ಲೇ ಸಿಕ್ಕಿತು. ದಿನಾ ಎನ್.ಆರ್. ಕಾಲೋನಿಯಿಂದ ಮಲ್ಲೇಶ್ವರದ ಬ್ಯಾಂಕಿಗೆ ಒಬ್ಬರೇ ಈ ಗಾಡಿ ಓಡಿಸುವವರು, ಅದರ ನರನಾಡಿ ಬಲ್ಲವರು. ಅವರನ್ನು ಬಿಟ್ಟು ಊರವರನ್ನೆಲ್ಲ ವಿಚಾರಿಸಿದ್ದಾರೆ!

"ಮೇಡಂ," ಎಂದರು ಅವರು ಕೊನೆಗೆ, "ಈ ಗಾಡಿ ಹೋದ್ರೆ ನಾನು ಎಲ್ಲಿಗೆ ಹೋಗ್ಬೇಕಾದ್ರೂ ಮನೇಲಿ ಯಾಕೆ ಅಂತ ಹೇಳ್ಬೇಕು. ಅಂಗಡಿ ವ್ಯಾನು ಯಾವಾಗ ಖಾಲಿ ಇರತ್ತೋ ಆವಾಗ ಹೋಗ್ಬೇಕು. ಅಷ್ಟೇ ನನ್ನ ಕಷ್ಟ."

ಫೋನಿಟ್ಟು ಬಂದರೆ ಮಾವ ಕಾರಿನ ಮುಂದೆ ನಿಂತಿದ್ದರು. ಬಾನೆಟ್ ಎತ್ತಿತ್ತು, ಎಂಜಿನ್ ಓಡುತ್ತಿತ್ತು. ಕೈಯಲ್ಲಿ ಹತ್ತರ ಸ್ಪ್ಯಾನರು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಆಗಲೇ ಸಡಿಲವಾಗಿತ್ತು, ಎತ್ತುವುದೊಂದೇ ಬಾಕಿ. ಓಡಿಹೋಗಿ ಮುಂಗೈ ಹಿಡಿದೆ.

"ಏನಮ್ಮಾ ಇದು, ಕೈ ಹಿಡಿಯೋದು?"

"ಎಂಜಿನ್ ಓಡ್ತಿರ್ಬೇಕಾದ್ರೆ ಟರ್ಮಿನಲ್ ಕೀಳ್ಬೇಡಿ ಅಂತ ಎಷ್ಟು ಸಲ ಹೇಳ್ಲಿ ಮಾವ?"

"ಕಿತ್ತಾಗ ಎಂಜಿನ್ ನಿಂತ್ರೆ ಆಲ್ಟರ್ನೇಟರ್ ಕೆಟ್ಟಿದೆ, ನಿಲ್ದಿದ್ರೆ ಸರಿಯಿದೆ. ನಿನ್ನ ಮಿಷಿನ್ನು ಹುಟ್ಟೋ ಮುಂಚಿಂದ ಹಿಂಗೇ ನೋಡಿರೋದು."

ನಮ್ಮ ಬೀದಿಯಲ್ಲಿ ಇದು ಪರಂಪರೆ. ಡೈನಮೋ ಇದ್ದ ಅಂಬಾಸಡರಿಗೆ ನಡೆಯುತ್ತಿತ್ತು. ಈಗಿನ ಗಾಡಿಯಲ್ಲಿ ಓಡುತ್ತಿರುವಾಗ ಬ್ಯಾಟರಿ ಬಿಚ್ಚಿದರೆ ಆಲ್ಟರ್ನೇಟರಿನ ವೋಲ್ಟೇಜು ತಡೆಯಿಲ್ಲದೆ ಜಿಗಿದು ಗಾಡಿಯ ಕಂಪ್ಯೂಟರನ್ನೇ ಸುಡುತ್ತದೆ. ಟರ್ಮಿನಲ್ಲಿನ ಕಿಡಿ ಬ್ಯಾಟರಿಯ ಗ್ಯಾಸಿಗೆ ಹತ್ತಿಕೊಂಡರೆ ಬ್ಯಾಟರಿ ಒಡೆದು ಆಸಿಡ್ಡು ಮುಖಕ್ಕೆ ಎರಚುತ್ತದೆ. ಮಾವನ ಕಣ್ಣಿಗೆ ಕನ್ನಡಕ ಕೂಡ ಇರಲಿಲ್ಲ. ನಾನು ಎಂಜಿನ್ ನಿಲ್ಲಿಸಿ, ಕೀ ಕಿತ್ತು ಓವರಾಲಿನ ಜೇಬಿಗೆ ಹಾಕಿ ಜಿಪ್ ಎಳೆದೆ. ಕಣ್ಣು ಹೋದಮೇಲೆ ಮರ್ಯಾದೆ ಇಟ್ಟುಕೊಂಡು ಏನು ಮಾಡುವುದು? ಟರ್ಮಿನಲ್ಲನ್ನು ಮತ್ತೆ ಬಿಗಿ ಮಾಡಿದೆ. ಮಾವ ಸ್ಪ್ಯಾನರನ್ನು ಬೆಂಚಿನ ಮೇಲೆ ಎಸೆದರು.

ಬಗ್ಗಿದಾಗ ಅದು ಕಂಡದ್ದು. ಆಲ್ಟರ್ನೇಟರಿನ ನೆತ್ತಿಯ ಮೇಲೆ, ವೈರುಗಳ ಕಟ್ಟಿಗೆ ಬಿಗಿದ ಒಂದು ನಿಂಬೆಹಣ್ಣು, ನಾಲ್ಕಾರು ಹಸಿಮೆಣಸಿನಕಾಯಿ, ಇದ್ದಿಲು. ದೃಷ್ಟಿಗೆ ಕಟ್ಟುವಂಥದ್ದು. ಎಲ್ಲರೂ ಬಂಪರಿಗೆ ಕಟ್ಟುತ್ತಾರೆ. ಇದನ್ನು ಬಾನೆಟ್ಟಿನ ಒಳಗೆ, ಕಬ್ಬಿಣದ ತಂತಿಯಲ್ಲಿ ಪೋಣಿಸಿ ಕಟ್ಟಿದ್ದರು. ಶಾಖಕ್ಕೆ ಹಣ್ಣು ಸೊರಗಿ ಕಂದುಬಣ್ಣಕ್ಕೆ ತಿರುಗಿತ್ತು. ಇಂಥದ್ದನ್ನು ಕಂಡರೆ ನಮ್ಮ ಕಸುಬಿನವರು ಯಾರೂ ಮುಟ್ಟುವುದಿಲ್ಲ. ನಾನೂ ಕೈ ತಗಲದ ಹಾಗೆ ಅದರ ಪಕ್ಕದಿಂದಲೇ ಕೆಲಸಕ್ಕೆ ತೊಡಗಿದೆ.

ನಿಂತ ಗಾಡಿಯಲ್ಲಿ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಿತು, ಹೊಸ ಬ್ಯಾಟರಿ ಸರಿಯಾಗಿದೆ. ಕನ್ನಡಕ ಹಾಕಿಕೊಂಡು, ತೋಳು ಮಡಿಸಿ, ಬೆಲ್ಟಿನಿಂದ ಕೈ ದೂರ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿದೆ. ಹದಿನಾಲ್ಕರ ಹತ್ತಿರ ಏರಬೇಕಾದ ವೋಲ್ಟೇಜು ಹನ್ನೆರಡಕ್ಕೆ ಇಳಿಯತೊಡಗಿತು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬರುವ ದಪ್ಪ ತಂತಿಯನ್ನು ತುದಿಯಿಂದ ತುದಿಯವರೆಗೆ ನೋಡಿದೆ. ಎಂಜಿನ್ ನಿಂತಿದ್ದರೂ ಆ ತಂತಿಯಲ್ಲಿ ಸದಾ ವಿದ್ಯುತ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಗುಲಿದರೆ ಬೆಂಕಿ. ಮೀಟರಿನ ಕಡ್ಡಿಗಳನ್ನಷ್ಟೇ ಮುಟ್ಟಿಸಿದೆ. ತಂತಿ ಸರಿ, ಫ್ಯೂಸ್ ಸರಿ, ಅರ್ಥಿಂಗ್ ಸರಿ.

ಹಾಗಾದರೆ ಉಳಿದದ್ದು ಸಣ್ಣ ತಂತಿಗಳು. ಈ ಮಾದರಿಯಲ್ಲಿ ಎಷ್ಟು ಚಾರ್ಜ್ ಮಾಡಬೇಕು ಎಂಬ ಅಪ್ಪಣೆ ಕಂಪ್ಯೂಟರಿನಿಂದ ಒಂದು ಸಣ್ಣ ತಂತಿಯಲ್ಲಿ ಆಲ್ಟರ್ನೇಟರಿಗೆ ಬರಬೇಕು. ಅಪ್ಪಣೆ ಬರದಿದ್ದರೆ ಹೊಸದಾದರೂ ಅಷ್ಟೇ, ಹಳೆಯದಾದರೂ ಅಷ್ಟೇ, ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತಿರುತ್ತದೆ. ಒಣ ಮರದ ಕೋಲಿನಿಂದ ವೈರುಗಳ ಕಟ್ಟನ್ನು ಮೆಲ್ಲನೆ ತಟ್ಟಿದೆ. ಮೀಟರ್ ಹದಿನಾಲ್ಕಕ್ಕೆ ಹಾರಿತು. ಮತ್ತೆ ತಟ್ಟಿದೆ, ಹನ್ನೆರಡಕ್ಕೆ ಬಿತ್ತು. ಒಡತಿ ಹೇಳಿದ ಹಂಪು ಇದೇ. ದೋಷ ಆ ಕಟ್ಟಿನಲ್ಲಿ, ಆಲ್ಟರ್ನೇಟರಿಗೆ ಚುಚ್ಚುವ ಕನೆಕ್ಟರಿನ ಹತ್ತಿರ. ಅದನ್ನು ಕಣ್ಣಾರೆ ನೋಡಬೇಕಾದರೆ ನಿಂಬೆಹಣ್ಣು ಬಿಚ್ಚಲೇಬೇಕು.

ಎಂಜಿನ್ ನಿಲ್ಲಿಸಿ ಕಟಿಂಗ್ ಪ್ಲೇಯರ್ ತೆಗೆದುಕೊಂಡೆ. ಮಾವ ಎದ್ದು ಬಂದರು.

"ಅದಕ್ಕೆ ಕೈ ಹಾಕ್ಬೇಡ. ಅಮಾವಾಸ್ಯೆ ತನಕ ಬಿಚ್ಬಾರ್ದು."

"ಅದರ ಕೆಳಗೇ ಇದೆ ಮಾವ ಫಾಲ್ಟು."

"ಇಬ್ರು ಮೆಕ್ಯಾನಿಕ್ಕು ನೋಡಿದಾರಲ್ಲ, ಅವ್ರು ಯಾಕೆ ಬಿಚ್ಚಿಲ್ಲ? ಹೆದರಿಕೆ ಇತ್ತು ಅವ್ರಿಗೆ. ನೀನ್ ಬಿಚ್ಚಿ, ನಾಳೆ ಆ ಹುಡ್ಗೀಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಿನ್ನೆ ಅಂಡರ್‌ಪಾಸಲ್ಲಿ ಆಗಿದ್ದೇನು? ಇದು ಕಟ್ಟಿತ್ತಲ್ಲ, ಕಾಪಾಡ್ತಾ?"

ಜೋರಾಗಿ ಕೂಗಿದೆನೆಂದು ಕಾಣುತ್ತದೆ. ಎದುರಿನ ಪಂಕ್ಚರ್ ಅಂಗಡಿಯವರು ತಿರುಗಿ ನೋಡಿದರು. ಮಾವನ ಮುಖ ಕೆಂಪಾಯಿತು. "ಅವರಣ್ಣಂಗೆ ಫೋನ್ ಮಾಡಿ ಕೇಳು. ಅವ್ರು ಹೂಂ ಅಂದ್ರೆ ಬಿಚ್ಚು," ಎಂದು ಅವರ ನಂಬರನ್ನು ತಮ್ಮ ಫೋನಿನಲ್ಲಿ ತೆಗೆದು ನನ್ನ ಮುಂದೆ ಹಿಡಿದರು.

ಆ ಫೋನನ್ನು ನೋಡುತ್ತಾ ನಿಂತೆ. ಬೆಳಗಿನಿಂದ ಈ ಅಂಗಡಿಯಲ್ಲಿ ನಡೆದದ್ದೆಲ್ಲ ಅದೇ. ಗಾಡಿ ಯಾರದೋ, ಕೇಳುವುದು ಇನ್ಯಾರನ್ನೋ. ನಾನೂ ಅಣ್ಣನವರನ್ನೇ ಕೇಳಿದರೆ ನನಗೂ ಇವರಿಗೂ ಏನು ವ್ಯತ್ಯಾಸ? ನನ್ನ ಫೋನು ತೆಗೆದು, ಬೆಳಿಗ್ಗೆ ಅಂಗಡಿಗೆ ಕರೆ ಬಂದಿದ್ದ ನಂಬರಿಗೆ, ಒಡತಿಗೆ, ಮಾಡಿದೆ.

"ಮೇಡಂ, ನಿಮ್ಮ ಬಾನೆಟ್ ಒಳಗೆ ಕಟ್ಟಿರೋ ನಿಂಬೆಹಣ್ಣು ಬಿಚ್ಬೇಕು. ಬಿಚ್ಚಬಹುದಾ?"

"ಯಾವ ನಿಂಬೆಹಣ್ಣು?"

ನಾನು ವಿವರಿಸಿದೆ. ಗಾಡಿ ತಂದ ದಿನವೇ ಅಣ್ಣ ಮುಂದೆ ನಿಂಬೆಹಣ್ಣು ಕಟ್ಟಲು ಬಂದಿದ್ದರಂತೆ, ನನ್ನ ಗಾಡಿಗೆ ಬೇಡ ಎಂದು ಇವರು ಖಡಾಖಂಡಿತವಾಗಿ ಹೇಳಿದ್ದರಂತೆ. ಅಣ್ಣ ಆಗಲಿ ಎಂದಿದ್ದರು. ಬಾನೆಟ್ ಎತ್ತಿ ನೋಡುವುದು ಇವರಿಗೆ ಆಗದ ಕೆಲಸ ಎಂದು ಅವರಿಗೆ ಗೊತ್ತಿತ್ತು.

"ಬಿಚ್ಚಿ," ಎಂದರು. "ಬಿಸಾಕ್ಬೇಡಿ. ಇಟ್ಕೊಂಡಿರಿ. ನಾನು ಬರ್ತೀನಿ."

ಮಾವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ನಾನು ಕೀ ಜೇಬಿನಲ್ಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಮೊದಲು ನೆಗೆಟಿವ್ ಬಿಚ್ಚಿ, ಅದು ತಾನಾಗಿ ತಾಗದಂತೆ ಬಟ್ಟೆ ಸುತ್ತಿದೆ. ಆಮೇಲೆ ಕಬ್ಬಿಣದ ತಂತಿ ಕತ್ತರಿಸಿದೆ. ನಿಂಬೆಹಣ್ಣು ಸುಲಭವಾಗಿ ಬರಲಿಲ್ಲ. ರಸ ಇಳಿದು ಬೆಲ್ಲದ ಪಾಕದಂತೆ ವೈರುಗಳಿಗೆ ಅಂಟಿತ್ತು. ಅದರಡಿ ಇನ್ನೂ ಹಳೆಯ ಬೀಜಗಳು, ಮೆಣಸಿನಕಾಯಿಯ ತೊಟ್ಟುಗಳು. ಅಮಾವಾಸ್ಯೆ ಅಮಾವಾಸ್ಯೆಗೂ ಹೊಸದು ಕಟ್ಟಿದ್ದರು, ಅದೇ ಜಾಗಕ್ಕೆ. ತಂತಿ ಬಿಗಿದ ರಭಸಕ್ಕೆ ವೈರುಗಳು ಒಂದು ಕಡೆಗೆ ಎಳೆದುಕೊಂಡು ಕನೆಕ್ಟರಿನ ಹಿಂದಿನ ರಬ್ಬರ್ ಸೀಲು ಬಾಯಿಬಿಟ್ಟಿತ್ತು. ಆ ಬಾಯಿಗೆ ಹನಿಹನಿಯಾಗಿ ಹುಳಿ ಇಳಿದಿತ್ತು. ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗೆ ಹಸಿರು ಕಿಲುಬು. ಅಪ್ಪಣೆ ತರುವ ಸಣ್ಣ ತಂತಿಯ ಪಿನ್ನು ಅರ್ಧ ತಿಂದುಹೋಗಿ, ಕುಲುಕಿದಾಗ ಒಮ್ಮೆ ಮುಟ್ಟಿ ಒಮ್ಮೆ ಬಿಡುತ್ತಿತ್ತು.

ಹೊಸ ಆಲ್ಟರ್ನೇಟರ್ ಹಾಕಿದ ಮಹಾನುಭಾವರು ಈ ಕನೆಕ್ಟರನ್ನು ಕಣ್ಣಿಂದ ನೋಡದೆ, ತಡವಿಕೊಂಡೇ ಕಿತ್ತು ಮತ್ತೆ ಚುಚ್ಚಿದ್ದಾರೆ. ನಿಂಬೆಹಣ್ಣನ್ನು ವೈರುಗಳ ಕಟ್ಟಿನ ಸಮೇತ ಭಕ್ತಿಯಿಂದ ಸರಿಸಿ, ಕೆಲಸ ಮುಗಿದ ಮೇಲೆ ಭಕ್ತಿಯಿಂದ ಅಲ್ಲೇ ಕೂರಿಸಿದ್ದಾರೆ. ಹಸಿರು ಕಿಲುಬು ಕಣ್ಣಿಗೆ ಬಿದ್ದಿಲ್ಲ, ಏಕೆಂದರೆ ಅದನ್ನು ನೋಡಬೇಕಾದರೆ ನಿಂಬೆಹಣ್ಣನ್ನು ಬಿಚ್ಚಬೇಕಿತ್ತು. ಬಸ್ಸಿನ ಮುಂದೆ ಒಂದು ಹೆಂಗಸು ಬಿಗಿದ ಸ್ಟೇರಿಂಗ್ ಹಿಡಿದು ಕೂತಿದ್ದು ಇವರ ಈ ಹೆದರಿಕೆಯ ದೆಸೆಯಿಂದ. ಅವತ್ತು ಅವರು ಎದುರಿಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ.

ಜೆ.ಸಿ. ರಸ್ತೆಗೆ ಹೋಗಿ ಅದೇ ಮಾದರಿಯ ಕನೆಕ್ಟರನ್ನು ವೈರಿನ ಸಮೇತ ತಂದೆ. ಕಪ್ಪಾದ ತಂತಿಯನ್ನು ತಾಮ್ರ ಕೆಂಪಗೆ ಕಾಣುವತನಕ ಹಿಂದಕ್ಕೆ ಕತ್ತರಿಸಿ, ಹೊಸದನ್ನು ಸೇರಿಸಿ ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಮೇಲೆ ಶಾಖಕ್ಕೆ ಬಿಗಿಯುವ ತೋಳು ಹಾಕಿದೆ. ಜೋಡಿಸಿ, ನೆಗೆಟಿವನ್ನು ಕೊನೆಗೆ ಬಿಗಿದು, ಸ್ಟಾರ್ಟ್ ಮಾಡಿದೆ. ಹದಿನಾಲ್ಕು ಪಾಯಿಂಟ್ ಎರಡು. ಹೆಡ್‌ಲೈಟು, ಏಸಿ, ಫ್ಯಾನು ಎಲ್ಲ ಹಾಕಿ ಕಟ್ಟನ್ನು ಕೋಲಿನಿಂದ ಚೆನ್ನಾಗಿ ತಟ್ಟಿದೆ. ಮೀಟರ್ ಅಲುಗಲಿಲ್ಲ. ಆಗ ಕೋಡ್ ಅಳಿಸಿದೆ.

ಸಂಜೆ ಒಡತಿ ಆಟೋದಲ್ಲಿ ಬಂದರು. ಎರಡು ಊರುಗೋಲು, ಹೆಗಲಿಗೆ ಬ್ಯಾಂಕಿನ ಬ್ಯಾಗು. ಮಾವನೇ ಎದ್ದು ಹೋಗಿ ಅವರಿಗೆ ಕುರ್ಚಿ ಹಾಕಿದರು. ನಾನು ಹಳೆಯ ಕನೆಕ್ಟರನ್ನು ಅವರ ಕೈಯಲ್ಲಿಟ್ಟು, ಏನಾಗಿತ್ತೆಂದು ಒಂದೊಂದಾಗಿ ಹೇಳಿದೆ. ಅವರು ಉಗುರಿನಿಂದ ಕಿಲುಬನ್ನು ಕೆರೆದು ನೋಡುತ್ತಿದ್ದಾಗ ಅಣ್ಣನವರೂ ಬಂದರು. ತಂಗಿಯನ್ನು ಕಂಡು ಬಾಗಿಲಲ್ಲೇ ನಿಂತರು. ಆದರೂ ಕೇಳಿದ್ದು ಮಾವನನ್ನೇ.

"ಏನ್ ಸಾರ್, ಆಗಲ್ಲ ಅಂದ್ರಾ?"

ಮಾವ ಬಾಯಿ ತೆರೆಯುವ ಮೊದಲು ಒಡತಿ, ನಾನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ ನಿಂಬೆಹಣ್ಣನ್ನು ಬಿಚ್ಚಿ ಬೆಂಚಿನ ಮೇಲಿಟ್ಟರು.

"ಇದೇನಣ್ಣ?"

ಅವರು ಅದನ್ನು ನೋಡಿದರು, ತಂಗಿಯನ್ನು ನೋಡಿದರು. "ನಿನ್ನ ಒಳ್ಳೇದಕ್ಕೇ ಕಟ್ಟಿದ್ದು ಪುಟ್ಟಿ."

"ಗೊತ್ತು. ಬೇಡ ಅಂತ ನಾನು ಹೇಳಿದ್ದೆ."

"ಊರಲ್ಲಿ ಎಷ್ಟು ಜನರ ಕಣ್ಣು ಬೀಳತ್ತೆ…"

"ಬೇಡ ಅಂತ ನಾನು ಹೇಳಿದ್ದೆ ಅಣ್ಣ. ಇದರ ರಸ ಇಳಿದು ವೈರ್ ಕೊಳ್ತೋಗಿದೆ. ಬಸ್ಸು ನನ್ನ ಹಿಂದೆ ಬಂದು ನಿಂತಿದ್ದು ಇದರಿಂದ. ಗಾಡಿ ಕೆಟ್ಟೋಗಿದೆ, ಮಾರ್ಬೇಕು ಅಂತ ಮನೇಲೆಲ್ಲ ನನ್ನ ಮೇಲೆ ಕೂಗಾಡಿದ್ದೂ ಇದರಿಂದ. ನಾನು ಓಡ್ಸೋಕೆ ಬರ್ದವಳು ಅಂದ್ಯಲ್ಲ, ಅದೂ."

ಅಣ್ಣನವರು ಬೆಂಚಿಗೆ ಕೈ ಊರಿದರು. ಅವರಿಗೆ ಪಶ್ಚಾತ್ತಾಪವಾಯಿತೋ ಅವಮಾನವಾಯಿತೋ, ನನಗೆ ಗೊತ್ತಾಗಲಿಲ್ಲ. ಕನಿಕರ ಪಡುವಷ್ಟು ಸಹನೆ ನನ್ನಲ್ಲಿ ಅವತ್ತು ಉಳಿದಿರಲಿಲ್ಲ. ಆಮೇಲೆ ಅವರು ಮಾವನ ಕಡೆ ಕೈಚಾಚಿ, "ಕೀ ಕೊಡಿ ಸಾರ್. ಇವತ್ತೊಂದಿನ ನಾನೇ ಓಡಿಸ್ಕೊಂಡು ಹೋಗ್ತೀನಿ," ಎಂದರು.

ಇಷ್ಟಾದ ಮೇಲೂ! ನಾನು ಓವರಾಲಿನ ಜಿಪ್ ಎಳೆದು ಕೀ ತೆಗೆದೆ. ಅವರ ಕೈ ಇನ್ನೂ ಚಾಚಿಯೇ ಇತ್ತು. ಅದನ್ನು ದಾಟಿಕೊಂಡು ಹೋಗಿ ಒಡತಿಯ ಕೈಯಲ್ಲಿ ಕೀ ಇಟ್ಟೆ. ಬೆಳಿಗ್ಗೆ ಅವರು ನನ್ನನ್ನು ದಾಟಿ ಹೋದದ್ದು ನನಗೆ ಮರೆತಿರಲಿಲ್ಲ.

ಒಡತಿ ಊರುಗೋಲುಗಳನ್ನು ಹಿಂದಿನ ಸೀಟಿಗೆ ಹಾಕಿ, ಸ್ಟೇರಿಂಗ್ ಹಿಡಿದು ಒಳಗೆ ಜರುಗಿ ಕೂತರು. ಅಣ್ಣ ಫುಟ್‌ಪಾತಿನ ಮೇಲೆ ನಿಂತೇ ಇದ್ದರು. "ಹತ್ತು ಅಣ್ಣ. ಆ ಕಡೆ," ಎಂದು ಪಕ್ಕದ ಸೀಟು ತೋರಿಸಿದರು. ಗಾಡಿ ನಮ್ಮ ಬೀದಿಯ ಹಂಪ್ ದಾಟುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಾವ ಒಳಗಿನಿಂದ ನನ್ನ ಒಡವೆಯ ಡಬ್ಬಿ ತಂದುಕೊಟ್ಟರು. ತೆಗೆದುಕೊಂಡೆ, ಆದರೆ ಬೆಳಗಿನ ಸ್ಪ್ಯಾನರಿನ ಸಿಟ್ಟು ಇನ್ನೂ ಇತ್ತು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ನನಗೆ ಒಂದು ಫೋನ್ ಬಂತು. ಮಾವನಿಗಲ್ಲ, ನನಗೆ.

"ಮೇಡಂ, ನಾನು ತರಗುಪೇಟೆಯಿಂದ. ಒಂದು ವಿಷಯ ಕೇಳ್ಬೇಕಿತ್ತು. ಮುಂದೆ ಬಂಪರಿಗೆ, ಬರೀ ದಾರದಲ್ಲಿ ಒಂದು ಸಣ್ಣ ನಿಂಬೆಹಣ್ಣು ಕಟ್ಟಿದ್ರೆ ವೈರಿಗೇನೂ ತೊಂದ್ರೆ ಇಲ್ವಲ್ಲ?"

ವೈರಿಗೇನೂ ತೊಂದರೆ ಇರಲಿಲ್ಲ. ಅದು ನನಗೆ ಗೊತ್ತಿತ್ತು.

"ಗಾಡಿ ಯಾರ್ದು ಸಾರ್?" ಎಂದೆ.

ಆ ಕಡೆ ಬೇಳೆ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು. "ತಂಗೀದು," ಎಂದರು.

"ಅವರನ್ನ ಕೇಳಿ," ಎಂದು ಫೋನಿಟ್ಟೆ.